ಸುಮ್ಮನೆ ನೋಡಿದವರ ಚಪ್ಪಾಳೆ

ಸಿನಿಮಾದ ಬಗ್ಗೆ ಬರೆಯಲು ನನಗೆ ವಿಶೇಷ ಅರ್ಹತೆಯೇನೂ ಇಲ್ಲ. ವರ್ಷಕ್ಕೆ ನಾಲ್ಕೈದು ಸಿನಿಮಾ ನೋಡುವವನು ನಾನು. ಅವುಗಳಲ್ಲಿ ಒಂದೆರಡು ಹಾಲಿವುಡ್ಡಿನವು. ಹೇಗಿತ್ತು ಎಂದು ಯಾರಾದರೂ ಕೇಳಿದರೆ, 'ಸುಮ್ಮನೆ ಹೋಗಿದ್ದೆ, ಹೊತ್ತು ಹೋಯಿತು' ಎಂದು ಹೇಳಿ ಪಾರಾಗುವುದು ನನ್ನ ರೂಢಿ. ಆದರೆ ಈ 'ಸುಮ್ಮನೆ' ಎಂಬ ಮಾತೇ ಕೆಲವು ವರ್ಷಗಳಿಂದ ನನ್ನನ್ನು ಕಾಡುತ್ತಿದೆ. ಸುಮ್ಮನೆ ನೋಡಿದವನು ತಾನು ತಟ್ಟಿದ ಚಪ್ಪಾಳೆಗೆ ಹೊಣೆಗಾರನೋ ಅಲ್ಲವೋ?

ಈ ಪ್ರಶ್ನೆ ಹುಟ್ಟಿದ್ದು ಕೊಲ್ಹಾಪುರದ ಒಂದು ಟಾಕೀಸಿನಲ್ಲಿ. ಆಗ ನಾನು ಹನ್ನೊಂದೋ ಹನ್ನೆರಡೋ ವರ್ಷದ ಹುಡುಗ. ನಮ್ಮದು ಗಡಹಿಂಗ್ಲಜ ತಾಲೂಕಿನ ಒಂದು ಹಳ್ಳಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಗಡಹಿಂಗ್ಲಜದಿಂದ ಸಂಕೇಶ್ವರದ ಮೇಲೆ ಕೊಲ್ಹಾಪುರಕ್ಕೆ ಹೋಗುವ ಬಸ್ಸು ಕರ್ನಾಟಕವನ್ನು ಹೊಕ್ಕು, ನಿಪ್ಪಾಣಿ ದಾಟಿ ಮತ್ತೆ ಮಹಾರಾಷ್ಟ್ರಕ್ಕೆ ಬರುತ್ತದೆ. ನಡುವಿನ ಅಷ್ಟು ದೂರ ನಾನು ಕಿಟಕಿಯ ಪಕ್ಕ ಕುಳಿತು ಅಂಗಡಿಗಳ ಕನ್ನಡ ಹಲಗೆಗಳನ್ನು ಕೂಡಿಸಿ ಕೂಡಿಸಿ ಓದುತ್ತಿದ್ದೆ. ಶಾಲೆಯಲ್ಲಿ ಕಲಿಸದ ಅಕ್ಷರಗಳನ್ನು ನಾನು ಕಲಿತದ್ದು ಹಾಗೆ. ಕಾಸರಗೋಡಿನ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅಜ್ಜಿಗೆ ಕಣ್ಣು ತೋರಿಸಲೆಂದು ಕೊಲ್ಹಾಪುರಕ್ಕೆ ಬಂದಿದ್ದೆವು. ಇಚಲಕರಂಜಿಯಿಂದ ನನ್ನ ಸೋದರಮಾವನ ಮಗನೂ ಬಂದು ಕೂಡಿಕೊಂಡ. ಅವನು ವಿದ್ಯುತ್ ಮಗ್ಗದ ಕೆಲಸಗಾರ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಆಟಕ್ಕೆ ಹೋಗಿ ಕೂರುವುದು ಅವನ ಚಟ. ಇಂಗ್ಲಿಷಿನ ಒಂದಕ್ಷರ ಬಾರದಿದ್ದರೂ ಅವನಿಗೆ ಎಲ್ಲ ಇಂಗ್ಲಿಷ್ ಸಿನಿಮಾಗಳ ಮೇಲೂ ಖಚಿತವಾದ ಅಭಿಪ್ರಾಯವಿತ್ತು. ಮಗ್ಗದ ಸದ್ದಿನಲ್ಲಿ ದುಡಿಯುವವನಿಗೆ ಮಾತಿಲ್ಲದೆ ಅರ್ಥ ಮಾಡಿಕೊಳ್ಳುವುದು ಹೊಸದಲ್ಲ ಎನ್ನುತ್ತಿದ್ದ. ಕಣ್ಣಿನ ಕೆಲಸ ಬೇಗ ಮುಗಿಯಿತು. ಅವನೇ ನಮ್ಮನ್ನು 'ಮೆಕೆನ್ನಾಸ್ ಗೋಲ್ಡ್' ಚಿತ್ರಕ್ಕೆ ಕರೆದೊಯ್ದ.

೧೯೬೯ರ ಆ ಚಿತ್ರ ನಮ್ಮ ದೇಶದಲ್ಲಿ ಎಷ್ಟು ಸಲ ಮರಳಿ ಮರಳಿ ಬಂತೆಂಬುದು ಹಳಬರಿಗೆ ಗೊತ್ತು. ಅಪಾಚೆ ಜನಾಂಗದ ಮುದುಕನೊಬ್ಬನ ಬಳಿ ಬಂಗಾರದ ಕಣಿವೆಯ ನಕಾಶೆ ಇರುತ್ತದೆ. ಅವನು ಸಾಯುತ್ತಾನೆ, ನಕಾಶೆ ಸುಟ್ಟುಹೋಗುತ್ತದೆ, ಅದನ್ನು ಒಮ್ಮೆ ಕಣ್ಣಾಡಿಸಿದ ಮೆಕೆನ್ನಾನ ತಲೆಯಲ್ಲಷ್ಟೇ ದಾರಿ ಉಳಿಯುತ್ತದೆ. ಗ್ರೆಗರಿ ಪೆಕ್ ಮೆಕೆನ್ನಾ. ಅವನನ್ನು ಹಿಡಿದೊಯ್ಯುವ ದರೋಡೆಕೋರ ಒಮರ್ ಷರೀಫ್. ನಮ್ಮಣ್ಣ ಒಮ್ಮೆ ನನ್ನ ಕಿವಿಯಲ್ಲಿ, ಒಮ್ಮೆ ಅಜ್ಜಿಯ ಕಿವಿಯಲ್ಲಿ ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ಹಂಚಿಕೊಡುತ್ತಿದ್ದ. ಅಪಾಚೆಗಳು ಕುದುರೆಯಿಂದ ಬಿದ್ದಾಗಲೆಲ್ಲ ಟಾಕೀಸಿನಲ್ಲಿ ಸಿಳ್ಳೆ ಹೊಡೆಯುತ್ತಿದ್ದರು. ನಾನೂ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ.

ಅಜ್ಜಿ ಸುಮ್ಮನಿರಲಿಲ್ಲ. 'ಆ ಗುಡ್ಡ ಯಾರ್ದಪಾ?' ಎಂದು ಕೇಳಿದಳು.

'ಆ ಕಾಡ ಮಂದೀದು.'

'ಹಂಗಾದ್ರ ಬಂಗಾರಾನೂ ಅವರದ ಆತಲ್ಲ. ಇವರ್ಯಾಕ ಬಂದಾರ?'

'ಸುಮ್ನ ನೋಡಬೇ,' ಎಂದ ನಮ್ಮಣ್ಣ.

ಅಜ್ಜಿಗೆ ಕನ್ನಡವೊಂದನ್ನು ಬಿಟ್ಟು ಬೇರೆ ಭಾಷೆ ತಿಳಿಯದು. ಅವಳನ್ನು ದೊಡ್ಡ ತತ್ತ್ವಜ್ಞಾನಿಯನ್ನಾಗಿ ಮಾಡುವ ಆಸೆ ನನಗಿಲ್ಲ. ಅದೇ ಆಟದಲ್ಲಿ ಅವಳು ಯಾರೋ ಸಾಯುವಾಗ ನಕ್ಕಳು, ಕುದುರೆಗಳಿಗೆ ನೀರು ಕುಡಿಸಲಿಲ್ಲವೆಂದು ಬೇಸರಪಟ್ಟಳು. ಆದರೂ ಆ ದಿನ ಅಲ್ಲಿದ್ದವರಲ್ಲಿ ಕೇಳಬೇಕಾದದ್ದನ್ನು ಕೇಳಿದವಳು ಅವಳೊಬ್ಬಳೇ ಎಂದು ಈಗ ನನಗೆ ತೋರುತ್ತದೆ.

ಇದಕ್ಕೆ ಉತ್ತರವಾಗಿ, ಸಿನಿಮಾ ಸಿನಿಮಾವೇ, ಪರದೆಯ ಮೇಲೆ ಸತ್ತವನು ಸಂಜೆ ಮನೆಗೆ ಹೋಗಿ ಊಟ ಮಾಡುತ್ತಾನೆ ಎನ್ನಬಹುದು. ನಿಜ. ನನ್ನ ಚಪ್ಪಾಳೆಯಿಂದ ಯಾವ ಅಪಾಚೆಗೂ ಗಾಯವಾಗಲಿಲ್ಲ. ನನ್ನನ್ನು ಚುಚ್ಚುವುದು ಬೇರೆಯೇ ಸಂಗತಿ. ಬಸ್ ನಿಲ್ದಾಣದಲ್ಲಿ ಅಜ್ಜಿ ಗಟ್ಟಿಯಾಗಿ ಕನ್ನಡ ಮಾತಾಡಿದರೆ ನಾನು ಎರಡು ಹೆಜ್ಜೆ ದೂರ ಸರಿದು ನಿಲ್ಲುತ್ತಿದ್ದೆ. ಶಾಲೆಯಲ್ಲಿ ನನ್ನ ಮರಾಠಿಯೊಳಗೆ ಇಣುಕುವ ಕನ್ನಡಕ್ಕೆ ಹುಡುಗರು ನಗುತ್ತಿದ್ದರು. ಅಂಥವನಿಗೆ ಆ ಕತ್ತಲಲ್ಲಿ ಎರಡು ತಾಸು ಎಲ್ಲರೊಂದಿಗೆ ಒಂದಾಗಿ ಕೂಗುವ ಅವಕಾಶ ಸಿಕ್ಕಿತು. ಯಾರ ಮೇಲೆ ಕೂಗುತ್ತಿದ್ದೇನೆಂದು ನೋಡುವ ವ್ಯವಧಾನ ಎಲ್ಲಿಂದ ಬರಬೇಕು? ಕಡಿಮೆ ಸಂಖ್ಯೆಯವರಿಗೆ ಹೆಚ್ಚು ಸಂಖ್ಯೆಯವರಾಗುವ ಸುಖ ಬಹಳ ಅಗ್ಗವಾಗಿ, ಒಂದು ಟಿಕೀಟಿನ ಬೆಲೆಗೆ, ದೊರೆಯುತ್ತದೆ. ನನಗಂತೂ ಅದು ಸಿನಿಮಾದ ಬಂಗಾರಕ್ಕಿಂತ ಹೆಚ್ಚು ಹಿತವಾಗಿತ್ತು.

ಇದೆಲ್ಲ ಕೊಲ್ಹಾಪುರದಲ್ಲಿ ನಡೆದದ್ದೂ ಒಂದು ವಿಚಿತ್ರವೇ. ಬಾಬುರಾವ್ ಪೇಂಟರ್ ತನ್ನ ಕೈಯಿಂದಲೇ ಸಿನಿಮಾ ಕ್ಯಾಮೆರಾ ಕಟ್ಟಿದ ಊರು ಅದು. ೧೯೨೯ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಹುಟ್ಟಿದ ಊರೂ ಅದೇ. ಪೇಂಟರ್ ೧೯೨೫ರಲ್ಲಿ ತೆಗೆದ 'ಸಾವಕಾರಿ ಪಾಶ್' ಸಾಲಗಾರನ ಕೈಗೆ ಸಿಕ್ಕಿ ಹೊಲ ಕಳೆದುಕೊಂಡ ರೈತನ ಕಥೆ. ರೈತನ ಪಾತ್ರ ವಹಿಸಿದವರು ವಿ. ಶಾಂತಾರಾಮ್. ಕ್ಯಾಮೆರಾ ತಾನಾಗಿ ಎಲ್ಲಿಯೂ ನಿಲ್ಲುವುದಿಲ್ಲ, ಯಾರೋ ಅದನ್ನು ಹೊತ್ತು ಒಂದು ಕಡೆ ಇಡುತ್ತಾರೆ. ಪೇಂಟರ್ ಅದನ್ನು ನೆಲ ಕಳೆದುಕೊಂಡವನ ಪಕ್ಕದಲ್ಲಿ ಇಟ್ಟರು. 'ಮೆಕೆನ್ನಾಸ್ ಗೋಲ್ಡ್'ನಲ್ಲಿ ಅದು ಬಂಗಾರ ಹುಡುಕಿ ಬಂದವರ ಕುದುರೆಯ ಜೊತೆ ಓಡುತ್ತದೆ. ನಾವು ಕುಳಿತದ್ದು ಕುರ್ಚಿಯಲ್ಲೆಂದು ತಿಳಿದಿರುತ್ತೇವೆ, ಆದರೆ ಕುಳಿತಿರುವುದು ಆ ಕುದುರೆಯ ಮೇಲೆ.

ಹಾಲಿವುಡ್ಡಿನವರೂ ಮುಂದೆ ಕ್ಯಾಮೆರಾವನ್ನು ಸರಿಸಿದರು. ೧೯೯೦ರಲ್ಲಿ ಕೆವಿನ್ ಕಾಸ್ಟ್ನರ್ ತೆಗೆದ 'ಡಾನ್ಸಸ್ ವಿತ್ ವುಲ್ವ್ಸ್' ಚಿತ್ರದಲ್ಲಿ ಲಕೋಟ ಜನ ಲಕೋಟ ಭಾಷೆಯನ್ನೇ ಆಡುತ್ತಾರೆ. ಇಂಗ್ಲಿಷಿನವರು ಕೆಳಗೆ ಅಕ್ಷರ ಓದಿಕೊಳ್ಳಬೇಕು. ಗಂಡಸರೂ ಹೆಂಗಸರ ರೀತಿಯ ಮಾತಾಡಿಬಿಟ್ಟಿದ್ದಾರೆ ಎಂದು ಲಕೋಟ ನಾಯಕ ರಸೆಲ್ ಮೀನ್ಸ್ ಹಾಸ್ಯ ಮಾಡಿದ್ದುಂಟು. ತಪ್ಪಿರಲಿ, ಒಂದು ಸಣ್ಣ ಭಾಷೆ ಅಷ್ಟು ದೊಡ್ಡ ಪರದೆಯ ಮೇಲೆ ಗಟ್ಟಿಯಾಗಿ ಕೇಳಿಸಿದ್ದು ನನಗೆ ಮುಖ್ಯವೆನಿಸಿತು. ಬಸ್ ನಿಲ್ದಾಣದ ಅಜ್ಜಿ ನೆನಪಾದಳು. ೨೦೦೯ರ 'ಅವತಾರ್' ಬಂದಾಗಲಂತೂ ನನಗೆ ನಗು ಬಂತು. ಮತ್ತೆ ಅದೇ ಕಥೆ: ಬೇರೆಯವರ ನೆಲ, ನೆಲದಡಿ ಬೆಲೆಬಾಳುವ ಖನಿಜ, ಹೊರಗಿನಿಂದ ಬಂದ ಬಂದೂಕಿನವರು. ಇಲ್ಲದ ಜನಕ್ಕಾಗಿ ಪಾಲ್ ಫ್ರಾಮರ್ ಎಂಬ ಭಾಷಾಶಾಸ್ತ್ರಜ್ಞರು ವ್ಯಾಕರಣಸಹಿತ ಒಂದು ಭಾಷೆಯನ್ನೇ ಸೃಷ್ಟಿಸಿಕೊಟ್ಟರು. ಈ ಸಲ ಟಾಕೀಸಿನವರೆಲ್ಲ ನೆಲದ ಮಕ್ಕಳ ಪರವಾಗಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆದರೆ ನಮಗೆ ಬುದ್ಧಿ ಬಂದಿತ್ತೆಂದು ಹೇಳಲಾರೆ. ಕ್ಯಾಮೆರಾ ಆ ಕಡೆ ಹೋಯಿತು, ನಾವೂ ಹೋದೆವು. ಅದೂ ಪೂರ್ತಿ ಹೋಗಲಿಲ್ಲ; ಎರಡೂ ಚಿತ್ರಗಳಲ್ಲಿ ಆ ಜನರ ಜೊತೆ ನಿಂತು ನಾಯಕನಾಗುವವನು ಹೊರಗಿನಿಂದ ಬಂದ ಸೈನಿಕನೇ.

ನಮ್ಮ ಭಾಷೆಯ ವಿಷಯಕ್ಕೆ ಬಂದರೆ, ೧೯೬೦ರ ದಶಕದ ಚಳವಳಿಯ ನಂತರ ಕನ್ನಡಕ್ಕೆ ಡಬ್ಬಿಂಗ್ ಚಿತ್ರಗಳು ಬರುವುದು ನಿಂತಿತ್ತು. ೧೯೯೪ರಲ್ಲಿ 'ಜುರಾಸಿಕ್ ಪಾರ್ಕ್'ನ ಮಂದಿ ಹಿಂದಿಯಲ್ಲಿ ಕಿರುಚಿದರು, ಕನ್ನಡದಲ್ಲಲ್ಲ. ೨೦೧೫ರಲ್ಲಿ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ತೀರ್ಪು ಕೊಟ್ಟಿತು. ೨೦೨೨ರಲ್ಲಿ ಎರಡನೆಯ 'ಅವತಾರ್' ಕನ್ನಡದಲ್ಲೂ ಬಂತು. ೨೦೨೩ರ 'ಸ್ಪೈಡರ್‌ಮ್ಯಾನ್' ಕನ್ನಡ, ಮರಾಠಿ, ಮಲಯಾಳಂ ಮೂರರಲ್ಲೂ ಬಂತು. ನನಗೆ ಸಂತೋಷವೇ. ಗಡಿಯಾಚೆಯ ಮಕ್ಕಳ ಕಿವಿಗೆ ಎಲ್ಲಿಂದಲಾದರೂ ಕನ್ನಡ ಬೀಳಲಿ. ಒಂದು ಸಣ್ಣ ಅಳುಕೂ ಇದೆ. ಅಜ್ಜಿ ಮಾತು ತಿಳಿಯದ್ದರಿಂದ ಕಂಡದ್ದನ್ನೇ ನಂಬಿದಳು. ಎಲ್ಲವನ್ನೂ ನಮ್ಮದೇ ಮಾತಿನಲ್ಲಿ ಸಲೀಸಾಗಿ ಹೇಳಿಕೊಟ್ಟಾಗ, ಆ ಗುಡ್ಡ ಯಾರದೆಂದು ಕೇಳುವುದು ಕಷ್ಟವಾಗುತ್ತದೆ. ನಮ್ಮಣ್ಣ ಕಿವಿಯಲ್ಲಿ ಹೇಳಿದ್ದೂ ಕನ್ನಡದಲ್ಲೇ ಅಲ್ಲವೆ?

ಅವನು ಈಗ ಇಲ್ಲ. ಕಳೆದ ಮಳೆಗಾಲದಲ್ಲಿ ಮನೆಯಲ್ಲಿ ಕುಳಿತು ಆ ಹಳೆಯ ಚಿತ್ರವನ್ನು ಮತ್ತೆ ನೋಡಿದೆ. ಕಣಿವೆ ಕುಸಿದು ಬಂಗಾರವೆಲ್ಲ ಮುಚ್ಚಿಹೋದ ಮೇಲೆ, ಬಂಗಾರ ಬೇಡವೆಂದಿದ್ದ ಮೆಕೆನ್ನಾ ಕುದುರೆ ಏರಿ ಹೊರಡುತ್ತಾನೆ. ಆದರೆ ಅವನಿಗೇ ತಿಳಿಯದಂತೆ ಜೀನಿನ ಚೀಲದಲ್ಲಿ ಬಂಗಾರದ ಗಟ್ಟಿಗಳು ಉಳಿದಿರುತ್ತವೆ. ಚಿಕ್ಕವನಿದ್ದಾಗ ನಾನು ಇದನ್ನು ನೋಡಿಯೇ ಇರಲಿಲ್ಲ. ಅಷ್ಟು ಹೊತ್ತಿಗೆ ಅಜ್ಜಿ ಎದ್ದು ನಿಂತು, ಕತ್ತಲಲ್ಲಿ ಕಾಲಿನಿಂದ ಚಪ್ಪಲಿ ತಡಕುತ್ತಿದ್ದಳು. ಕೊನೆಯ ಬಸ್ಸು ತಪ್ಪೀತೆಂದು ನನ್ನ ರಟ್ಟೆ ಹಿಡಿದು ಎಳೆಯುತ್ತಿದ್ದಳು.