ಕಾವಲಿನ ಕೂಲಿ ಯಾರದು?

ಎಂಟು ವರ್ಷದ ಹಿಂದಿನ ಮಾತು. ನಾನು ಮೂಡಿಗೆರೆಯಲ್ಲಿ ಪಿಯುಸಿ ಓದುತ್ತಿದ್ದೆ. ಕಾಫಿ ಕೊಯ್ಲಿನ ಕಾಲ. ಕೂಲಿ ಲೆಕ್ಕ ಕೇಳಿದ್ದಕ್ಕೆ ತೋಟದ ರೈಟರು ಅಪ್ಪನ ಕೆನ್ನೆಗೆ ಹೊಡೆದ. ಅಪ್ಪ ಒಂದು ದಿನದ ಕೂಲಿ ಬಿಟ್ಟು ಠಾಣೆಗೆ ನಡೆದುಕೊಂಡು ಹೋದ. "ಜೀಪಿಗೆ ಡೀಸೆಲ್ ಇಲ್ಲ ಕಣಯ್ಯ, ನಾಳೆ ಬಾ. ಬರ್ತಾ ನಾಲ್ಕು ಬಿಳಿ ಹಾಳೆ ತಗೊಂಡ್ ಬಾ" ಅಂದರಂತೆ. ಅಪ್ಪ ಹಾಳೆ ಕೊಂಡು ಕೊಟ್ಟು ಬಂದ. ಅದರ ಮೇಲೆ ಏನು ಬರೆದರೋ, ಬರೆದರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಅದೇ ವಾರ ತೋಟದ ಕಣದಿಂದ ಒಂದು ಮೂಟೆ ಮೆಣಸು ಕಾಣೆಯಾಯಿತು. ರಾತ್ರಿ ಹತ್ತಕ್ಕೆ ನಮ್ಮ ಲೈನಿನ ಮುಂದೆ ಜೀಪು! ಹನ್ನೆರಡು ಮನೆಯ ಪಾತ್ರೆ, ಹಾಸಿಗೆ, ಅವ್ವನ ಟ್ರಂಕು ಎಲ್ಲಾ ಅಂಗಳಕ್ಕೆ ಬಿದ್ದವು. ಮೆಣಸು ಸಿಗಲಿಲ್ಲ. ಡೀಸೆಲ್ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ತೋಟದ ಶೆಡ್ಡಿನ ಡ್ರಮ್ಮಿನಿಂದ ಬಂತೆಂದು ಲೈನಿಗೆಲ್ಲ ಗೊತ್ತಿತ್ತು.

ಆ ರಾತ್ರಿಯಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಾವಲಿನ ಖರ್ಚನ್ನು ಒಬ್ಬ ಕೊಟ್ಟರೆ ಆ ಕಾವಲು ಎಲ್ಲರದ್ದಾಗಿ ಉಳಿದೀತೆ?

ಗೆಳೆಯರೆ, ಇದು ನಮಗೆ ಹೊಸ ಪ್ರಶ್ನೆಯಲ್ಲ. ಬಯಲುಸೀಮೆಯಲ್ಲಿದ್ದ ನಮ್ಮ ಮುತ್ತಾತ ಊರಿಗೆ ತೋಟಿ. ಊರು ಕಾಯುವವನು, ಕಂದಾಯಕ್ಕೆ ಜನರನ್ನು ಕೂಗಿ ಕರೆಯುವವನು, ಸಾವಿನ ಸುದ್ದಿ ಹೊರುವವನು. ಇವತ್ತಿನ ಮಾತಲ್ಲಿ ಹೇಳುವುದಾದರೆ ಆ ಊರಿನ ಪೊಲೀಸು ನಾವೇ! ಸಂಬಳ ಏನು? ಒಂದು ತುಂಡು ಇನಾಮು ಜಮೀನು, ಸುಗ್ಗಿಯಲ್ಲಿ ಗೌಡ ಅಳೆದು ಹಾಕಿದಷ್ಟು ಆಯ. ಆಯ ಹಾಕುವವನ ಮೇಲೆ ತೋಟಿ ಸಾಕ್ಷಿ ಹೇಳಲು ಸಾಧ್ಯವಿತ್ತೆ? ಹೇಳಿದರೆ ಮರುವರ್ಷ ಮಕ್ಕಳಿಗೆ ರಾಗಿ ಇಲ್ಲ.

ಬಾಬಾಸಾಹೇಬರಿಗೆ ಈ ಗಂಟು ಗೊತ್ತಿತ್ತು. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಅವರು ಮಹಾರರ ವತನಿನ ಬಗ್ಗೆ ಮಸೂದೆ ತಂದರು. ಸರ್ಕಾರದ ಚಾಕರಿ ಮಾಡುವವನು ಊರವರ ಕಾಳಿಗೆ ಸೆರಗೊಡ್ಡಬಾರದು, ಆ ಕಾಳು ಹಣವಾಗಿ ಕಂದಾಯದ ಜೊತೆ ವಸೂಲಾಗಿ ಸರ್ಕಾರದ ಕೈಯಿಂದ ಬರಲಿ ಎಂಬುದು ಅದರ ತಿರುಳು. ಮಸೂದೆ ಅಂದು ಕಾಯಿದೆಯಾಗಲಿಲ್ಲ. ನಮ್ಮ ರಾಜ್ಯದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ತೋಟಿಕೆ ತಳವಾರಿಕೆಗಳನ್ನು ತೆಗೆಯಿತು. ಹುದ್ದೆ ಹೋಯಿತು. ಆಯ ಹೋಯಿತೆ? ಅದು ಡೀಸೆಲ್ಲಾಗಿ ವಾಪಸು ಬಂತು.

ಕದ್ದುಮುಚ್ಚಿ ಕೊಡುವ ಡೀಸೆಲ್ಲಿನ ಮಾತು ಬಿಡಿ. ಕಾಯಿದೆಯೇ ಬಾಗಿಲು ತೆರೆದಿಟ್ಟಿದೆ. ಬ್ರಿಟಿಷರ 1861ರ ಪೊಲೀಸ್ ಕಾಯಿದೆಯ 13ನೇ ಕಲಮಿನ ಪ್ರಕಾರ ಯಾರಾದರೂ ಅರ್ಜಿ ಹಾಕಿ, ಖರ್ಚು ಕೊಟ್ಟು ಹೆಚ್ಚಿನ ಪೊಲೀಸರನ್ನು ಪಡೆಯಬಹುದು. ಆದರೆ ಅವರು ಅಧಿಕಾರಿಯ ಅಪ್ಪಣೆಯಲ್ಲೇ ಇರಬೇಕು, ದುಡ್ಡು ಕೊಟ್ಟವನ ಅಪ್ಪಣೆಯಲ್ಲಲ್ಲ. ಬರೆದವರಿಗೂ ಅಪಾಯ ಗೊತ್ತಿತ್ತು ಎಂದಾಯಿತು. 14ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ರೈಲು, ಕಾಲುವೆ, ಕಾರ್ಖಾನೆ, ವ್ಯಾಪಾರದ ಜಾಗಗಳಲ್ಲಿ ಕೆಲಸದಾಳುಗಳ ನಡತೆಯಿಂದ, ಅಥವಾ ಆ ನಡತೆಯ ಭಯದಿಂದ, ಹೆಚ್ಚಿನ ಪೊಲೀಸರು ಬೇಕಾದರೆ ಇಡಬಹುದು. ಖರ್ಚು ಮಾಲೀಕನದು. ಆಳಿನ ನಡತೆಯ ಭಯಕ್ಕೆ ಒಂದು ಕಲಮು ಉಂಟು. ಧಣಿಯ ನಡತೆಯ ಭಯಕ್ಕೆ ಕಲಮು ಎಲ್ಲಿ?

1963ರ ಕರ್ನಾಟಕ ಪೊಲೀಸ್ ಕಾಯಿದೆಯೂ ಖರ್ಚು ಕೊಟ್ಟು ಪೊಲೀಸರನ್ನು ಪಡೆಯುವ ದಾರಿಯನ್ನು ಮುಚ್ಚಲಿಲ್ಲ. 2009ರಲ್ಲಿ ಕೇಂದ್ರದ ಕಾಯಿದೆ ತಿದ್ದುಪಡಿಯಾಗಿ, ಬೆಂಗಳೂರಿನ ಇನ್ಫೋಸಿಸ್ ಆವರಣಕ್ಕೆ ಹಣ ಪಾವತಿಯ ಮೇಲೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಕಾವಲು ಬಂತು.

ನನ್ನ ಗೆಳೆಯನೊಬ್ಬ ಎರಡು ಎಕರೆಯ ಬೆಳೆಗಾರ. ಅವನು ಕೇಳುತ್ತಾನೆ: "ವರ್ಷದ ಮೆಣಸು ಒಂದೇ ರಾತ್ರಿ ಹೋದ್ರೆ ನಾನೇನ್ ಮಾಡ್ಲಿ ಮಾರಾಯ? ಬೀಟಿಗೆ ಬರೋ ಜೀಪಿಗೆ ಐನೂರು ಕೊಟ್ರೆ ತಪ್ಪಾ?" ಅವನ ನಷ್ಟ ಸುಳ್ಳಲ್ಲ, ಅವನಿಗೂ ಕಾವಲು ಬೇಕು. ಆದರೆ ಇವನು ಐನೂರು ಕೊಟ್ಟ ಕಡೆ ಇನ್ನೂರು ಎಕರೆಯವನು ಡ್ರಮ್ಮನ್ನೇ ಕೊಡುತ್ತಾನೆ. ಆಗ ಜೀಪು ಯಾರ ಗೇಟಿನ ಮುಂದೆ ನಿಂತೀತು? ಚಿಕ್ಕ ಬೆಳೆಗಾರನಿಗೂ ಲೈನಿನವನಿಗೂ ಇಲ್ಲಿ ಕಷ್ಟ ಒಂದೇ.

ನಾವು ಪುಕ್ಕಟೆ ಕೇಳುತ್ತಿಲ್ಲ. ಅವ್ವ ಕೊಳ್ಳುವ ಸೋಪಿಗೆ, ಅಪ್ಪ ಕೊಳ್ಳುವ ಚಪ್ಪಲಿಗೆ ತೆರಿಗೆ ಇದೆ. ತೋಟದಲ್ಲಿ ಬೆಳೆದ ಕಾಫಿಯನ್ನು ಹಾಗೆಯೇ ಮಾರಿದವನ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ರಾಜ್ಯದ ಖಜಾನೆಯಿಂದ ಓಡುವ ಜೀಪಿನಲ್ಲಿ ನಮ್ಮ ಪಾಲಿನ ಡೀಸೆಲ್ಲೂ ಇದೆ.

ಹಾಗಾದರೆ ಎಲ್ಲ ಖರ್ಚೂ ಖಜಾನೆಯಿಂದ ಬಂದರೆ ಮುಗಿಯಿತೆ? ಇಲ್ಲ. 2021ರ ಮೇ ತಿಂಗಳಲ್ಲಿ ನಮ್ಮ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಠಾಣೆಯಲ್ಲಿ ದಲಿತ ಯುವಕನೊಬ್ಬ ನೀರು ಕೇಳಿದಾಗ ಮೂತ್ರ ನೆಕ್ಕಿಸಿದರೆಂದು ದೂರಾಯಿತು. ಸಬ್ ಇನ್ಸ್‌ಪೆಕ್ಟರು ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ಅಲ್ಲಿ ಸಂಬಳ ಕೊಟ್ಟದ್ದು ಯಾವ ತೋಟದ ಧಣಿಯೂ ಅಲ್ಲ, ಸರ್ಕಾರ. ಹಣ ಎಲ್ಲರದ್ದಾದರೆ ಸಾಲದು. ಲೆಕ್ಕ ಕೇಳುವ ಬಾಯಿಯೂ ಎಲ್ಲರಿಗೂ ಇರಬೇಕು. ಆಯ ಹಾಕಿದ ಗೌಡನಿಗೆ ಆ ಬಾಯಿ ಇತ್ತು. ತೆರಿಗೆ ಕೊಟ್ಟ ನಮಗೆ ಅದನ್ನು ಯಾರೂ ತಾವಾಗಿ ಕೊಡುವುದಿಲ್ಲ, ನಾವೇ ತೆರೆಯಬೇಕು.

ತೆರೆಯಲು ಆಧಾರಗಳಿವೆ. ವಾರಂಟಿಲ್ಲದೆ ಬಂಧಿಸಬಹುದಾದಂಥ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ. ನಮ್ಮ ಮೇಲಿನ ದೌರ್ಜನ್ಯದ ದೂರನ್ನು ಬೇಕೆಂದೇ ಕಡೆಗಣಿಸುವ ಅಧಿಕಾರಿಗೆ 1989ರ ಕಾಯಿದೆಯ 4ನೇ ಕಲಮಿನಲ್ಲಿ ಶಿಕ್ಷೆ ಇದೆ. ಠಾಣೆಯ ಜೀಪಿಗೆ ಎಷ್ಟು ಡೀಸೆಲ್ ಮಂಜೂರಾಯಿತೆಂದು 2005ರ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಹಳ್ಳಿಯ ಮೇಷ್ಟ್ರುಗಳೇ, ಆ ಅರ್ಜಿ ಬರೆಯುವುದನ್ನು ಮಕ್ಕಳಿಗೆ ಕಲಿಸಿ.

ಹೋದ ತಿಂಗಳು ಪಕ್ಕದ ಲೈನಿನ ಅಕ್ಕನೊಬ್ಬರ ಜೊತೆ ಠಾಣೆಗೆ ಹೋಗಿದ್ದೆ. "ಹಾಳೆ ತಂದಿದೀರೇನಮ್ಮ?" ಅಂದರು. ಅಕ್ಕ ಸೆರಗಿನ ಗಂಟಿಗೆ ಕೈ ಹಾಕಿದರು. ನಾನು ತಡೆದೆ. "ಠಾಣೆ ಹಾಳೇಲೇ ಬರ್ಕೊಳಿ ಸಾರ್, ಅದಕ್ಕೂ ನಾವೇ ಕೊಟ್ಟಿದೀವಿ" ಅಂದೆ. ಸಂಜೆ ತನಕ ಬೆಂಚಿನ ಮೇಲೆ ಕೂರಿಸಿದರು. ಕತ್ತಲಾಗುವ ಹೊತ್ತಿಗೆ ಬರೆದುಕೊಂಡರು. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕೆಂದು ಕಾಯಿದೆ ಇದೆ, ಕೇಳಿ ಪಡೆದುಕೊಂಡೆವು. ಓದಲು ಬಾರದ ಅಕ್ಕ ಅದನ್ನು ನಾಲ್ಕು ಮಡಿಕೆ ಮಾಡಿ ಸೆರಗಿಗೆ ಕಟ್ಟಿಕೊಂಡರು.