ಹೊರೆಯೋ, ಅರಿವೋ?

ವಿದ್ಯೆಯನ್ನು ಎಷ್ಟು ಹೊತ್ತೆವೆಂಬುದರಿಂದ ಅಳೆಯತಕ್ಕುದೋ, ಎಷ್ಟು ಅರಿತೆವೆಂಬುದರಿಂದ ಅಳೆಯತಕ್ಕುದೋ? ಈ ಪ್ರಶ್ನೆ ಪಂಡಿತರಿಗೆ ಮಾತ್ರ ಸೇರಿದುದಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಮುಸಲ್ಮಾನ ಮನೆತನದ ಬಾಲಕನೊಬ್ಬನನ್ನು ನೆನೆಯೋಣ. ಮುಂಜಾನೆ ಮಸೀದಿಯ ಪಾಠದಲ್ಲಿ ಅವನು ಅರಬ್ಬಿಯನ್ನೋದುತ್ತಾನೆ, ಮನೆಯಲ್ಲಿ ಉರ್ದುವನ್ನಾಡುತ್ತಾನೆ, ಶಾಲೆಯಲ್ಲಿ ಕನ್ನಡವನ್ನು ಕಲಿಯುತ್ತಾನೆ, ಕಾಲೇಜಿಗೆ ಹೋದರೆ ಇಂಗ್ಲಿಷ್ ಪುಸ್ತಕಗಳು ಎದುರಾಗುತ್ತವೆ. ನಾಲ್ಕು ಭಾಷೆಗಳಲ್ಲಿ ಪಾಠವೊಪ್ಪಿಸಬಲ್ಲ ಈ ಹುಡುಗನು ಯಾವ ಭಾಷೆಯಲ್ಲಿ ಆಲೋಚಿಸುತ್ತಾನೆಂದು ನಾವು ಎಂದಾದರೂ ಕೇಳಿದ್ದೇವೆಯೆ?

ಮದ್ರಸಾಗಳ ಸುಧಾರಣೆಯ ಮಾತು ಬಂದಾಗ ಹೊರಗಿನವರು ಕಂಠಪಾಠವನ್ನೇ ಹಳಿಯುವುದುಂಟು. ಇದು ಅವಿಚಾರ. ಕೊರಾನನ್ನು ಕಂಠಸ್ಥಮಾಡುವುದು ಭಕ್ತನಿಗೆ ಉಪಾಸನೆ. ವೇದಪಾಠಶಾಲೆಯ ವಟುವಿಗೂ ಅಧ್ಯಯನವು ಹಾಗೆಯೇ. ಆದರೆ ಎರಡು ಪರಂಪರೆಗಳೂ ತಮ್ಮವರನ್ನು ತಾವೇ ಎಚ್ಚರಿಸಿವೆ. ಅರ್ಥವರಿಯದೆ ವೇದವನ್ನೋದುವವನನ್ನು ಯಾಸ್ಕನ ನಿರುಕ್ತವು ಭಾರ ಹೊತ್ತ ಕಂಬಕ್ಕೆ ಹೋಲಿಸುತ್ತದೆ. ಧರ್ಮಗ್ರಂಥವನ್ನು ಪಡೆದೂ ಅದರಂತೆ ನಡೆಯದವರಿಗೆ ಕೊರಾನಿನಲ್ಲಿ ಪುಸ್ತಕದ ಹೊರೆ ಹೊತ್ತ ಕತ್ತೆಯ ಉಪಮೆಯಿದೆ. ಆದುದರಿಂದ ಅರಿವನ್ನು ಬೇಡುವುದು ಧರ್ಮಕ್ಕೆ ಹೊರಗಿನ ಬೇಡಿಕೆಯಲ್ಲ.

ಇಬ್ನ್ ಖಲ್ದೂನನು 1377ರಲ್ಲಿ ರಚಿಸಿದ ಮುಖದ್ದಿಮಾ ಗ್ರಂಥದಲ್ಲಿ ಈ ರೋಗದ ನಿದಾನವನ್ನೇ ಮಾಡಿದ್ದಾನೆ. ಮೊರಾಕೋದ ಮದ್ರಸಾಗಳಲ್ಲಿ ವಿದ್ಯಾರ್ಥಿಗಳಿಗೆ 16 ವರ್ಷಗಳ ವಾಸ, ಟ್ಯೂನಿಸ್ಸಿನಲ್ಲಿ 5 ವರ್ಷಗಳು. ಆ ದೀರ್ಘಕಾಲಕ್ಕೆ ಕಾರಣವನ್ನು ಅವನು ವಿದ್ಯಾರ್ಥಿಗಳ ಮೌನದಲ್ಲಿ ಕಂಡನು: ಅವರು ನೆನಪಿಗೆ ಗಮನವಿತ್ತರು, ಚರ್ಚೆಗೆ ಬಾಯಿ ತೆರೆಯಲಿಲ್ಲ. ಕಠಿಣ ಶಿಕ್ಷೆಯು ಮಕ್ಕಳಿಗೆ ಸುಳ್ಳನ್ನೂ ಕಪಟವನ್ನೂ ಕಲಿಸುತ್ತದೆಂದೂ ಅವನು ಸ್ಪಷ್ಟವಾಗಿ ಹೇಳಿದ್ದಾನೆ.

ಈ ರೋಗ ಮದ್ರಸಾದಲ್ಲಿ ಮಾತ್ರ ಇದೆಯೆಂದು ತಿಳಿಯುವುದು ಆತ್ಮವಂಚನೆ. ಶಾಲಾವಯಸ್ಸಿನ ಮುಸಲ್ಮಾನ ಮಕ್ಕಳಲ್ಲಿ ಮದ್ರಸಾಗಳಲ್ಲಿ ಓದುವವರು ನೂರಕ್ಕೆ 3ರಷ್ಟು ಮಾತ್ರವೆಂದು 2006ರ ಸಾಚಾರ್ ಸಮಿತಿಯ ವರದಿ ತಿಳಿಸಿತು. ಉಳಿದವರ ಹಣೆಬರಹ ಎಲ್ಲರ ಶಾಲೆ ಕಾಲೇಜುಗಳಲ್ಲಿಯೇ ಇದೆ. 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವು ತರೀಕೆರೆಗೆ ದೂರವಲ್ಲ. ಆದರೆ ಬರೆಸಿದ ಟಿಪ್ಪಣಿಯನ್ನು ಉರುಹಚ್ಚಿ ಪರೀಕ್ಷೆಯ ಮರುದಿನವೇ ಮರೆಯುವ ಪದವೀಧರನಿಗೆ ಯಾವ ಊರಿನ ವಿಶ್ವವಿದ್ಯಾನಿಲಯವೂ ದೂರವೇ. ಹಾಫಿಜನಾದರೋ ತಾನು ಕಲಿತುದನ್ನು ಮರೆಯುವುದಿಲ್ಲ!

ಕಟ್ಟಡದಿಂದ ಗುಣ ಬರುವುದೆ? ಮಹಮೂದ್ ಗವಾನನು 1472ರಲ್ಲಿ ಬೀದರಿನಲ್ಲಿ ಮೂರಂತಸ್ತಿನ ಮದ್ರಸಾವನ್ನು ಕಟ್ಟಿಸಿದನು. ಅದರ ಗೋಡೆಗಳೂ ಒಂದು ಮಿನಾರೂ ಇಂದಿಗೂ ನಿಂತಿವೆ. ಪಾಠವು ನಿಂತುಹೋಗಿ ಶತಮಾನಗಳಾದುವು. ವಿದ್ಯೆಯು ಗುರುಶಿಷ್ಯರ ನಡುವೆ ನಡೆಯುವ ಮಾತಿನಲ್ಲಿ ಬದುಕುತ್ತದೆ, ಕಲ್ಲಿನಲ್ಲಲ್ಲ.

ಇಲ್ಲಿ ಹಿರಿಯರ ಆಕ್ಷೇಪವೊಂದುಂಟು: ಪ್ರಶ್ನೆಗೆ ಎಡೆಗೊಟ್ಟರೆ ಶ್ರದ್ಧೆ ಕುಂದದೆ? ಈ ಭಯ ಹಗುರವಾದುದಲ್ಲ. ಮಗನನ್ನು ಓದಿಸಿ ಮಗನನ್ನೇ ಕಳೆದುಕೊಂಡೆವೆಂಬ ತಾಯಿತಂದೆಯರ ಅಳಲು ಎಲ್ಲ ಮತದವರಲ್ಲಿಯೂ ಇದೆ. ಆದರೆ ಗಜ್ಜಾಲಿಯವರ ಚರಿತ್ರೆಯನ್ನು ನೋಡಿರಿ. ಬಾಗ್ದಾದಿನ ನಿಜಾಮಿಯಾ ವಿದ್ಯಾಲಯದ ಉನ್ನತಪೀಠವನ್ನು ಅವರು 1095ರಲ್ಲಿ ತೊರೆದರು. ತಾವು ಕೀರ್ತಿಗಾಗಿ ಬೋಧಿಸುತ್ತಿರುವೆವೆಂಬ ಅರಿವು ಅವರನ್ನು ಸುಟ್ಟಿತು. ಸಂಶಯದ ಕಾಡನ್ನು ಹಾದು 1106ರಲ್ಲಿ ಅವರು ನಿಶಾಪುರದಲ್ಲಿ ಮತ್ತೆ ಪಾಠಕ್ಕೆ ಕುಳಿತರು. ಪ್ರಶ್ನೆಯು ಅವರ ಶ್ರದ್ಧೆಯನ್ನು ಕೊಲ್ಲಲಿಲ್ಲ, ಶೋಧಿಸಿತು. ಅಣಕಿಸುವ ಪ್ರಶ್ನೆ ಬೇರೆ, ತಿಳಿಯಬೇಕೆಂಬ ಪ್ರಶ್ನೆ ಬೇರೆ; ಎರಡನೆಯದನ್ನು ಅದುಮಿದರೆ ಉಳಿಯುವುದು ಶ್ರದ್ಧೆಯಲ್ಲ, ಮೌನ ಮಾತ್ರ.

ಪರಿಹಾರವು ಅಲ್ಪವಾದುದೇ, ಆದರೆ ಸುಲಭವಲ್ಲ. ಪ್ರತಿಪಾಠದ ಕೊನೆಯಲ್ಲಿ ಶಿಷ್ಯನು ಕಲಿತುದನ್ನು ತನ್ನ ಮನೆಮಾತಿನಲ್ಲಿ ಹೇಳಲಿ. ಒಂದು ಪ್ರಶ್ನೆಯನ್ನಾದರೂ ಕೇಳಲಿ. ಪಾಠದ ಪ್ರಮಾಣ ಇದರಿಂದ ಕಡಮೆಯಾಗುವುದು ನಿಜ. ಆ ನಷ್ಟವನ್ನು ಒಪ್ಪಿಯೇ ಹೊರಡಬೇಕು. ಗುರುವಾದವನಿಗೂ ಧೈರ್ಯ ಬೇಕು. ಇಮಾಮ್ ಮಾಲಿಕರು ತಮ್ಮನ್ನು ಕೇಳಿದ ಅನೇಕ ಪ್ರಶ್ನೆಗಳಿಗೆ ತಾವರಿಯೆವೆಂದೇ ಉತ್ತರಿಸಿದರೆಂದು ಪ್ರತೀತಿ. ಅಂತಹ ಗುರುವಿನ ಮುಂದೆ ಕುಳಿತ ಬಾಲಕನು ಮಸೀದಿಯಲ್ಲಿರಲಿ, ಕಾಲೇಜಿನಲ್ಲಿರಲಿ, ಹೊರೆಯನ್ನಿಳಿಸಿ ತಲೆಯೆತ್ತುವನು.