ದಾರಿಯಲ್ಲಿ ಮಿತ್ರ ಯಾರು?

ಯಕ್ಷಪ್ರಶ್ನೆಯ ಕಥೆಯನ್ನು ಹೊಸದಾಗಿ ಹೇಳಬೇಕಿಲ್ಲ. ಬ್ರಾಹ್ಮಣನ ಅರಣಿಯನ್ನು ಕೊಂಬಿಗೆ ಸಿಕ್ಕಿಸಿಕೊಂಡು ಓಡಿದ ಜಿಂಕೆ, ಅದರ ಬೆನ್ನು ಹತ್ತಿ ಬಾಯಾರಿದ ಪಾಂಡವರು, ಕೊಳದ ದಡದಲ್ಲಿ ಒಬ್ಬರಾದ ಮೇಲೊಬ್ಬರು ಉರುಳಿದ ನಾಲ್ವರು, ಕೊನೆಗೆ ನೀರು ಕುಡಿಯುವ ಮೊದಲು ನಿಂತು ಉತ್ತರ ಕೊಟ್ಟ ಧರ್ಮರಾಯ. ಮಹಾಭಾರತದ ಪ್ರಕಾರ ಇದು ನಡೆದದ್ದು ದ್ವೈತವನದಲ್ಲಿ. ಗಢವಾಲದವರನ್ನು ಕೇಳಿದರೆ ಅಲ್ಲ, ನಮ್ಮ ದೇವರಿಯಾ ತಾಲ್‌ನಲ್ಲಿ ಎನ್ನುತ್ತಾರೆ. ಕೊಳವಿರುವ ಕಡೆಯೆಲ್ಲ ಒಬ್ಬ ಯಕ್ಷ ಇರುವುದು ಸಹಜವೇ. ಈ ವಿಷಯದಲ್ಲಿ ಸ್ಥಳೀಯರ ಜೊತೆ ವಾದಕ್ಕಿಳಿಯಬಾರದು.

ಆ ಪ್ರಶ್ನೆಗಳ ಸರಣಿಯಲ್ಲಿ ಒಂದು ಜೋಡಿ ಇದೆ. ಪ್ರಯಾಣದಲ್ಲಿರುವವನಿಗೆ ಮಿತ್ರ ಯಾರು, ಮನೆಯಲ್ಲಿರುವವನಿಗೆ ಮಿತ್ರ ಯಾರು ಎಂದು ಯಕ್ಷ ಒಟ್ಟಿಗೇ ಕೇಳುತ್ತಾನೆ. ಧರ್ಮರಾಯ ಎರಡಕ್ಕೂ ಒಂದೇ ಉತ್ತರ ಕೊಡುವುದಿಲ್ಲ. ದಾರಿಯಲ್ಲಿ ಸಹಪ್ರಯಾಣಿಕರ ತಂಡ, ಮನೆಯಲ್ಲಿ ಹೆಂಡತಿ ಎಂದು ಬೇರೆ ಬೇರೆ ಮಾಡುತ್ತಾನೆ. ದ್ರೌಪದಿ ಆಗ ಕೊಳದ ಹತ್ತಿರ ಇರಲೂ ಇಲ್ಲ, ಆಶ್ರಮದಲ್ಲಿದ್ದಳು. ಗಂಡ ಹೆಂಡತಿ ಇಬ್ಬರೂ ಬೆನ್ನಿಗೆ ಚೀಲ ಏರಿಸಿ ಒಂದೇ ದಾರಿ ಹಿಡಿದರೆ ಈ ಎರಡು ಉತ್ತರಗಳು ಏನಾಗುತ್ತವೆ? ಯಕ್ಷನಿಗೆ ಇದನ್ನು ಕೇಳಬೇಕೆಂದು ಹೊಳೆದಿರಲಾರದು. ನಾನೂ ನನ್ನ ಹೆಂಡತಿಯೂ ಮೊದಲ ಬಾರಿ ಗುಡಾರ ಹೊತ್ತು ಒಂದು ರಾತ್ರಿಗೆಂದು ದೇವರಿಯಾ ತಾಲ್‌ಗೆ ಹೊರಟಾಗ ತಲೆಯಲ್ಲಿ ಸುತ್ತುತ್ತಿದ್ದದ್ದು ಇದೇ.

ರುದ್ರಪ್ರಯಾಗ ಜಿಲ್ಲೆಯಲ್ಲಿ ಉಖೀಮಠ ದಾಟಿದರೆ ಸಾರಿ ಎಂಬ ಹಳ್ಳಿ. ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯುವುದು ಇದೇ ಉಖೀಮಠದಲ್ಲಿ. ಸಾರಿಯಿಂದ ಮೇಲಕ್ಕೆ ಕಲ್ಲು ಹಾಸಿದ ದಾರಿ, ಮೂರು ಕಿಲೋಮೀಟರಿನೊಳಗೇ ಮುಗಿಯುತ್ತದೆ. ಸರೋವರ ಇರುವುದು ಸುಮಾರು 2,400 ಮೀಟರ್ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಐನೂರು ಮೀಟರಿನಷ್ಟು ಮೇಲೆ. ಮೋಡ ಇಲ್ಲದಿದ್ದರೆ ಎದುರಿಗೆ 7,138 ಮೀಟರಿನ ಚೌಖಂಬಾ. ಮಾರ್ಚ್, ಏಪ್ರಿಲ್‌ನಲ್ಲಿ ಹೋದರೆ ಕಾಡೆಲ್ಲ ಬುರಾಂಶ್ ಹೂವಿನಿಂದ ಕೆಂಪು. ಬೆಂಗಳೂರಿನ ಜೋಡಿಗಳು ಇಷ್ಟು ದೂರ ಬರುವುದಕ್ಕೆ ಇನ್ನೂ ಒಂದು ಕಾರಣವಿದೆ: ನಮ್ಮ ಘಟ್ಟದ ಬಹುತೇಕ ಚಾರಣದ ದಾರಿಗಳಲ್ಲಿ ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿದುಬಿಡಬೇಕು, ಕಾಡಿನಲ್ಲಿ ರಾತ್ರಿ ಕಳೆಯುವ ಹಾಗಿಲ್ಲ.

ಮೊದಲು ಎದುರಾಗುವುದು ಭಾರದ ಪ್ರಶ್ನೆ. ಮನೆಯಲ್ಲಿ ಯಾರು ಎಷ್ಟು ಹೊರುತ್ತಾರೆ ಎಂದು ತೂಗಿ ನೋಡುವ ತಕ್ಕಡಿ ಇಲ್ಲ. ಹಾಲು ತರುವುದು, ಗ್ಯಾಸ್ ಬುಕ್ ಮಾಡುವುದು, ಅತ್ತೆಯ ಮಾತ್ರೆ ಮುಗಿಯಿತೇ ಎಂದು ನೆನಪಿಟ್ಟುಕೊಳ್ಳುವುದು, ಇವಕ್ಕೆಲ್ಲ ಕಿಲೋಗ್ರಾಂ ಇಲ್ಲ. ಹಾಗಾಗಿ ‘ನಾನೇ ಎಲ್ಲ ಮಾಡುವುದು’ ಎಂದು ಇಬ್ಬರೂ ಪ್ರಾಮಾಣಿಕವಾಗಿ ನಂಬಿಕೊಂಡು ವರ್ಷಗಟ್ಟಲೆ ಸಂಸಾರ ಮಾಡಬಹುದು. ಬೆನ್ನಚೀಲ ಈ ನಂಬಿಕೆಗೆ ಜಾಗ ಕೊಡುವುದಿಲ್ಲ. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ, ಅದರಲ್ಲಿ ಚೌಕಾಸಿ ಇಲ್ಲ. ಮೈತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೊರಬೇಡಿ ಎಂದು ಚಾರಣದ ಅನುಭವಿಗಳು ಹೇಳುತ್ತಾರೆ. ಎಪ್ಪತ್ತೈದು ಕಿಲೋ ಇರುವವರಿಗೆ ಹದಿನೈದಾದರೆ ಐವತ್ತು ಇರುವವರಿಗೆ ಹತ್ತು. ಅಂದರೆ ಸಮಪಾಲು ಇಲ್ಲಿ ನ್ಯಾಯವಲ್ಲ, ಅವರವರ ಮೈಗೆ ಒಗ್ಗುವಷ್ಟು ಹೊರುವುದು ನ್ಯಾಯ. ಇದನ್ನು ಮದುವೆಯ ಹೊತ್ತಿಗೇ ಯಾರಾದರೂ ಹೇಳಬಹುದಿತ್ತು.

ಗುಡಾರವನ್ನು ಹಂಚಿಕೊಳ್ಳುವ ರೀತಿ ನನಗೆ ಇನ್ನೂ ಇಷ್ಟವಾಯಿತು. ಬಟ್ಟೆ ಒಬ್ಬರ ಚೀಲದಲ್ಲಿ, ಕಂಬ ಮತ್ತು ಗೂಟ ಇನ್ನೊಬ್ಬರಲ್ಲಿ. ತೂಕ ಹಂಚಲು ಮಾಡಿಕೊಂಡ ವ್ಯವಸ್ಥೆ ಇದು, ಆದರೆ ಅದರೊಳಗೆ ಒಂದು ಕಟ್ಟಳೆ ಅಡಗಿದೆ. ಮಳೆ ಬಂತೆಂದು ಒಬ್ಬರು ಓಡಿ ಮುಂದೆ ಹೋದರೆ ಅವರ ಕೈಯಲ್ಲಿರುವುದು ಅರ್ಧ ಮನೆ. ಅದರಡಿ ಕೂರಲಾಗುವುದಿಲ್ಲ.

ನಡಿಗೆಯ ವೇಗದ ವಿಷಯ ಇದಕ್ಕಿಂತ ಸೂಕ್ಷ್ಮ. ಪಾಂಡವರ ಕೊನೆಯ ನಡಿಗೆಯೂ ಹಿಮಾಲಯದಲ್ಲೇ. ಮಹಾಪ್ರಸ್ಥಾನದಲ್ಲಿ ಮೊದಲು ಬೀಳುವವಳು ದ್ರೌಪದಿ. ಏಕೆ ಬಿದ್ದಳು ಎಂದು ಭೀಮ ಕೇಳುತ್ತಾನೆ. ಅರ್ಜುನನ ಮೇಲೆ ಅವಳಿಗೆ ಪಕ್ಷಪಾತವಿತ್ತು ಎಂದು ಧರ್ಮರಾಯ ಕಾರಣ ಕೊಡುತ್ತಾನೆ, ಅವಳತ್ತ ತಿರುಗಿ ನೋಡದೆ ಮುಂದೆ ನಡೆಯುತ್ತಾನೆ. ದಾರಿಯಲ್ಲಿ ಸಹಪ್ರಯಾಣಿಕರೇ ಮಿತ್ರರು ಎಂದು ಕೊಳದ ದಡದಲ್ಲಿ ಉತ್ತರ ಕೊಟ್ಟವನು ಇವನೇ! ಅದು ಮರಳಿ ಬರದ ಪ್ರಯಾಣ, ಎಲ್ಲ ಬಂಧ ಕಳಚಿಕೊಳ್ಳುವುದಕ್ಕೇ ಹೊರಟದ್ದು, ಅಲ್ಲಿ ತಿರುಗಿ ನೋಡುವುದು ಸಲ್ಲ ಎಂದು ವ್ಯಾಖ್ಯಾನ ಕೊಡಬಹುದು, ಒಪ್ಪುತ್ತೇನೆ. ಆದರೆ ಸೋಮವಾರ ಆಫೀಸಿಗೆ ಹಾಜರಾಗಬೇಕಾದವರ ನಡಿಗೆಗೆ ಆ ನಿಯಮ ಹೊಂದುವುದಿಲ್ಲ. ಚಾರಣದ ತಂಡಗಳು ಪಾಲಿಸುವುದು ತದ್ವಿರುದ್ಧವಾದ ನಿಯಮ: ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಡಬೇಕು, ಅವರ ವೇಗವೇ ತಂಡದ ವೇಗ. ಹಿಂದೆ ಉಳಿದವರಿಗಾಗಿ ತಿರುವಿನಲ್ಲಿ ನಿಂತು ಕಾಯುವುದು ಔದಾರ್ಯದಂತೆ ಕಾಣುತ್ತದೆ, ಆದರೆ ಅದು ಔದಾರ್ಯವಲ್ಲ. ಕಾದವನಿಗೆ ಅಷ್ಟು ಹೊತ್ತು ವಿಶ್ರಾಂತಿ ಸಿಕ್ಕಿರುತ್ತದೆ; ಏದುಸಿರು ಬಿಡುತ್ತ ಬಂದವರು ತಲುಪುತ್ತಿದ್ದಂತೆ ಅವನು ‘ಹೋಗೋಣವಾ’ ಎಂದು ಎದ್ದು ನಿಲ್ಲುತ್ತಾನೆ. (ಧರ್ಮರಾಯನ ಜೊತೆ ಕೊನೆಯವರೆಗೂ ಉಳಿದದ್ದು ಒಂದು ನಾಯಿ. ಗಢವಾಲದ ಹಳ್ಳಿ ನಾಯಿಗಳು ಈಗಲೂ ಕರೆಯದೇ ಜೊತೆಗೆ ಬರುತ್ತವೆ, ಬಿಸ್ಕತ್ತಿನ ಮೇಲೆ ಕಣ್ಣಿಟ್ಟು.)

ಸರೋವರದ ದಡದಲ್ಲೇ ಗುಡಾರ ಹಾಕಬಾರದು, ಅದಕ್ಕೆ ಜಾಗ ದೂರದಲ್ಲಿದೆ. ಪರ್ವತದ ಹುಲ್ಲುಗಾವಲುಗಳಲ್ಲಿ, ಅಲ್ಲಿನವರ ಮಾತಿನಲ್ಲಿ ಬುಗ್ಯಾಲ್‌ಗಳಲ್ಲಿ, ರಾತ್ರಿ ತಂಗುವುದನ್ನು ಉತ್ತರಾಖಂಡದ ಹೈಕೋರ್ಟ್ 2018ರಲ್ಲಿ ನಿಷೇಧಿಸಿತು. ತಕ್ಕ ತೀರ್ಪು. ಸಂಜೆಯಾದ ಮೇಲೆ ಉಳಿಯುವುದು ಅಡುಗೆ ಮತ್ತು ಚಳಿ. ಆ ಎತ್ತರದಲ್ಲಿ ನೀರು 92 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಗಾಳಿಯ ಒತ್ತಡ ಕಡಿಮೆ, ಅದಕ್ಕೇ. ನೀರು ಕೊತಕೊತ ಕುದಿಯುತ್ತಲೇ ಇರುತ್ತದೆ, ಬೇಳೆ ಮಾತ್ರ ಕಲ್ಲು. ಇಪ್ಪತ್ತು ವರ್ಷ ಸಾರು ಮಾಡಿದ ಕೈಗೂ, ಒಲೆ ಹಚ್ಚಲೇ ಬಾರದ ಕೈಗೂ ಇಲ್ಲಿ ವ್ಯತ್ಯಾಸವಿಲ್ಲ. ಇಬ್ಬರೂ ಪಾತ್ರೆಯೊಳಗೆ ಇಣುಕಿ, ಒಂದು ಕಾಳು ತೆಗೆದು ಬೆರಳಲ್ಲಿ ಹಿಸುಕಿ, ಮತ್ತೆ ಮುಚ್ಚಳ ಮುಚ್ಚುತ್ತಾರೆ. ಮನೆಯಲ್ಲಿ ಒಬ್ಬರು ಬಲ್ಲವರು, ಇನ್ನೊಬ್ಬರು ಊಟಕ್ಕೆ ಕೂತವರು. ಇಲ್ಲಿ ಇಬ್ಬರೂ ಅನನುಭವಿಗಳು. ಅದರಿಂದ ಸಿಗುವ ಸಲಿಗೆ ಬೇರೆ ಯಾವುದರಿಂದಲೂ ಸಿಗುವುದಿಲ್ಲ.

ಆಮೇಲೆ ಸಣ್ಣ ಸಣ್ಣ ಪ್ರಶ್ನೆಗಳು. ನೀರು ಕುಡಿದೆಯಾ, ಕಾಲಿನ ಬೊಬ್ಬೆ ಒಡೆಯಿತಾ, ತಲೆನೋವು ಇದೆಯಾ, ಬೆನ್ನಡಿಗೆ ತಂಪು ಹತ್ತುತ್ತಿದೆಯಾ. ಮನೆಯಲ್ಲಿ ಇಂಥವಕ್ಕೆ ಎಲ್ಲರೂ ಏನಿಲ್ಲ ಬಿಡು ಎಂದೇ ಉತ್ತರಿಸುತ್ತೇವೆ. ತಾಳಿಕೊಳ್ಳುವುದೇ ಪ್ರೀತಿ ಎಂದು ನಮಗೆ ಕಲಿಸಿದ್ದಾರೆ. ಬೆಟ್ಟದಲ್ಲಿ ಆ ಉತ್ತರ ಅಪಾಯ. ಮುಚ್ಚಿಟ್ಟ ಬೊಬ್ಬೆ ಮರುದಿನ ಇಳಿಯುವಾಗ ಇಬ್ಬರ ಸಮಸ್ಯೆಯಾಗುತ್ತದೆ. ಸಹಪ್ರಯಾಣಿಕನಿಗೆ ನಿಜ ಹೇಳಲೇಬೇಕು. ಹೆಂಡತಿಗೋ ಗಂಡನಿಗೋ ಹೇಳದೆಯೂ ನಡೆಯುತ್ತದೆ. ಧರ್ಮರಾಯ ಎರಡು ಉತ್ತರ ಕೊಟ್ಟದ್ದು ಇದಕ್ಕೇ ಇರಬೇಕು ಎಂದು ನನಗೆ ಅನಿಸಿದ್ದು ಅಲ್ಲಿ. ಎರಡೂ ಬೇರೆ ಬೇರೆ ಸ್ನೇಹಗಳು. ಮನೆಯದ್ದು ತಾನಾಗಿಯೇ ದಾರಿಯದ್ದಾಗುವುದಿಲ್ಲ.

ಬೆಳಿಗ್ಗೆ ಗುಡಾರದ ಒಳಗೋಡೆ ತೊಪ್ಪೆಯಾಗಿತ್ತು. ಮಳೆ ಬಂದಿರಲಿಲ್ಲ, ರಾತ್ರಿಯಿಡೀ ಇಬ್ಬರೂ ಬಿಟ್ಟ ಉಸಿರು ತಣ್ಣನೆಯ ಬಟ್ಟೆಗೆ ತಾಗಿ ನೀರಾಗಿತ್ತು. ಯಾರ ಉಸಿರು ಎಷ್ಟು ಎಂದು ಲೆಕ್ಕ ಹಾಕುವುದಕ್ಕೆ ಬರುವುದಿಲ್ಲ, ಇಬ್ಬರೂ ಸೇರಿ ಒರೆಸಿದೆವು.

ಮೊದಲ ಸಲ ಹೋಗುವ ದಂಪತಿಗಳು ದೊಡ್ಡ ಕಣಿವೆ, ಎತ್ತರದ ಪಾಸ್ ಎಂದು ಆಸೆಪಡಬೇಡಿ. ಸಾರಿಯಿಂದ ದೇವರಿಯಾ ತಾಲ್‌ನಂಥ ಸಣ್ಣ ದಾರಿ ಆರಿಸಿಕೊಳ್ಳಿ, ಅರಣ್ಯ ಇಲಾಖೆಯ ಚೀಟಿ ಮಾಡಿಸಿ, ಗುಡಾರದ ಬಟ್ಟೆ ಒಬ್ಬರು, ಕಂಬ ಒಬ್ಬರು ಇಟ್ಟುಕೊಳ್ಳಿ. ನಿಧಾನ ನಡೆಯುವವರು ಮುಂದೆ ಇರಲಿ.